ಬರ್ಟಿ, ಜೀವ್ಸ್ ಮತ್ತು ಒಂದು ಚೌಕಳಿ ಸೂಟು: ವುಡ್‌ಹೌಸ್ ಕತೆಗಳನ್ನು ಓದುವ ಬಗೆ

ಅಕ್ಕನ ಮಗಳು ಕಳೆದ ತಿಂಗಳು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯೊಂದರಿಂದ ಪಿ. ಜಿ. ವುಡ್‌ಹೌಸ್ ಅವರ 'ಕ್ಯಾರಿ ಆನ್, ಜೀವ್ಸ್' ತಂದಳು. ಫೋನಿನಲ್ಲಿ ನಾವೆಲ್ಲ ಮಾತಾಡಿಸುವ ಕೃತಕ ಬುದ್ಧಿಯ ಸಹಾಯಕರ ಬಗ್ಗೆ ಏನೋ ಓದುತ್ತಿದ್ದಾಗ ಜೀವ್ಸ್ ಎಂಬ ಹೆಸರು ಕಣ್ಣಿಗೆ ಬಿತ್ತಂತೆ. ಯಾರು ಈ ಜೀವ್ಸ್ ಅಂತ ತಿಳಿಯುವ ಆಸೆ. ಹತ್ತು ಪುಟ ಓದಿ, ಪುಸ್ತಕ ಮಡಚಿ, ಅಡುಗೆಮನೆಗೆ ಬಂದಳು. "ಚಿಕ್ಕಮ್ಮ, ಇಂಗ್ಲಿಷ್ ಅರ್ಥ ಆಗುತ್ತೆ. ಆದರೆ ಎಲ್ಲರೂ ಬಿದ್ದು ಬಿದ್ದು ನಗೋದು ಯಾವುದಕ್ಕೆ ಅಂತಾನೇ ಗೊತ್ತಾಗ್ತಿಲ್ಲ" ಅಂದಳು.

ಅವಳ ತೊಡಕು ನಿಜವಾದದ್ದು. ಇವು ಸುಮಾರು ನೂರು ವರ್ಷದ ಹಿಂದಿನ ಲಂಡನ್ನಿನ ಕತೆಗಳು. ಆಗಿನ ಓದುಗರಿಗೆ ಗೊತ್ತೇ ಇದ್ದ ಸಂಗತಿಗಳನ್ನು ವುಡ್‌ಹೌಸ್ ಬಿಡಿಸಿ ಹೇಳುವುದಿಲ್ಲ. ಪಕ್ಕದಲ್ಲಿ ಕೂತು ಯಾರಾದರೂ ನಾಲ್ಕು ಮಾತು ಹೇಳಿಕೊಟ್ಟರೆ ಬಾಗಿಲು ತೆರೆಯುತ್ತದೆ. ನನಗೆ ಕಾಲೇಜಿನ ದಿನಗಳಲ್ಲಿ ಹಾಗೆ ಹೇಳಿಕೊಡುವವರು ಸಿಕ್ಕಿದ್ದರು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇವರಿಬ್ಬರು ಯಾರು?

ಬರ್ಟಿ ವೂಸ್ಟರ್ ಇಪ್ಪತ್ತು ದಾಟಿದ ಹುಡುಗ. ಅಪ್ಪ ಅಮ್ಮ ಇಲ್ಲ. ಮನೆತನದ ಹಣ ಬೇಕಾದಷ್ಟಿದೆ. ಲಂಡನ್ನಿನ ಮೇಫೇರ್ ಎಂಬ ಶ್ರೀಮಂತರ ಬಡಾವಣೆಯಲ್ಲಿ ಒಂದು ಫ್ಲ್ಯಾಟು. ಓದಿದ್ದು ಈಟನ್ ಶಾಲೆ, ಆಮೇಲೆ ಆಕ್ಸ್‌ಫರ್ಡ್. ಮಾಡುವ ಕೆಲಸ ಏನೂ ಇಲ್ಲ. ಮನಸ್ಸು ಮಾತ್ರ ಬಂಗಾರ. ಗೆಳೆಯ ಕಷ್ಟ ಅಂತ ಬಂದರೆ ಇಲ್ಲ ಅನ್ನಲು ಬರುವುದಿಲ್ಲ.

ಜೀವ್ಸ್ ಅವನ ಸೇವಕ, ಇಂಗ್ಲಿಷಿನಲ್ಲಿ ಹೇಳುವುದಾದರೆ ವ್ಯಾಲೆಟ್. ಮಾತು ಕಡಿಮೆ, ಓದು ಜಾಸ್ತಿ. ಬಿಡುವು ಸಿಕ್ಕಾಗ ಸ್ಪಿನೋಜನ ತತ್ವಶಾಸ್ತ್ರ ಓದುತ್ತಾನೆ. ಬರ್ಟಿ ಅಥವಾ ಬರ್ಟಿಯ ಗೆಳೆಯರು ಸಿಕ್ಕಿಹಾಕಿಕೊಂಡಾಗ ದಾರಿ ತೋರಿಸುವವನು ಅವನೇ.

ಈ ಜೋಡಿಯ ಮೇಲೆ ವುಡ್‌ಹೌಸ್ 35 ಸಣ್ಣ ಕತೆ ಮತ್ತು 11 ಕಾದಂಬರಿ ಬರೆದರು. ಮೊದಲ ಕತೆ ಬಂದದ್ದು 1915ರಲ್ಲಿ, ಕೊನೆಯ ಕಾದಂಬರಿ 1974ರಲ್ಲಿ. ಸುಮಾರು ಅರವತ್ತು ವರ್ಷ ಕಳೆದರೂ ಬರ್ಟಿಗೆ ವಯಸ್ಸೇ ಆಗುವುದಿಲ್ಲ. ಕೊನೆಯ ಕಾದಂಬರಿಯಲ್ಲಿ ಬೀದಿಯಲ್ಲಿ ಪ್ರತಿಭಟನೆಯ ಮೆರವಣಿಗೆ ಬಂದು ಅವನ ಕಾರು ನಿಲ್ಲುತ್ತದೆ. ಕಾಲ ಬದಲಾಗಿದೆ ಅನ್ನುವುದಕ್ಕೆ ಅದು ಗುರುತು. ಕಾರಿನಲ್ಲಿ ಕೂತ ಬರ್ಟಿ ಮಾತ್ರ ಅದೇ ಹಳೆಯ ಹುಡುಗ.

ಒಂದು ಮಾತು ಮೊದಲೇ ತಿಳಿದಿರಲಿ. ಬಹುತೇಕ ಎಲ್ಲ ಕತೆಗಳನ್ನೂ ಹೇಳುವವನು ಬರ್ಟಿಯೇ. ಜೀವ್ಸ್ ತಾನೇ ಹೇಳುವ ಸಣ್ಣ ಕತೆ ಒಂದೇ ಒಂದು. ಅಂದರೆ ಜಾಣನ ಕತೆಯನ್ನು ನಾವು ಕೇಳುವುದು ಅಷ್ಟೇನೂ ಜಾಣನಲ್ಲದ ಹುಡುಗನ ಬಾಯಿಂದ. ಇದು ಮನಸ್ಸಿನಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ವ್ಯಾಲೆಟ್ ಅಂದರೆ ಬಟ್ಲರ್ ಅಲ್ವಾ?

ಅಲ್ಲ. ಇದನ್ನು ತುಂಬ ಜನ ತಪ್ಪು ತಿಳಿದಿದ್ದಾರೆ.

ಬಟ್ಲರ್ ಅನ್ನುವ ಪದ ನಮಗೆ ಹೊಸದಲ್ಲ. 'ಬಟ್ಲರ್ ಇಂಗ್ಲಿಷ್' ಅನ್ನುವ ಮಾತು ನಮ್ಮಲ್ಲಿ ಇವತ್ತಿಗೂ ಇದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಎಸ್ಟೇಟಿನ ಬಂಗಲೆಗಳಲ್ಲಿ ಬಟ್ಲರ್ ಎಂದೇ ಕರೆಸಿಕೊಳ್ಳುವವರು ಈಗಲೂ ಇದ್ದಾರೆ. ಬಟ್ಲರ್ ಒಂದು ಮನೆಗೆ ಸೇರಿದವನು. ದೊಡ್ಡ ಮನೆಯ ಊಟದ ಮೇಜು, ಬೆಳ್ಳಿ ಪಾತ್ರೆ, ವೈನಿನ ಉಗ್ರಾಣ, ಉಳಿದ ಆಳುಕಾಳುಗಳ ಉಸ್ತುವಾರಿ, ಎಲ್ಲ ಅವನದು.

ವ್ಯಾಲೆಟ್ ಹಾಗಲ್ಲ. ಅವನು ಒಬ್ಬ ವ್ಯಕ್ತಿಗೆ ಸೇರಿದವನು. ಬೆಳಿಗ್ಗೆ ಹಾಸಿಗೆಗೆ ಟೀ ತಂದು ಎಬ್ಬಿಸಬೇಕು. ಸ್ನಾನಕ್ಕೆ ನೀರು ತುಂಬಿಸಬೇಕು. ಆ ದಿನದ ಬಟ್ಟೆ ಆರಿಸಿ, ಇಸ್ತ್ರಿ ಮಾಡಿ ಇಡಬೇಕು. ಊರಿಗೆ ಹೊರಟರೆ ಪೆಟ್ಟಿಗೆ ಕಟ್ಟಿ ಜೊತೆಗೆ ಹೋಗಬೇಕು. ಬರ್ಟಿ ಮನೆಯಲ್ಲೇ ಉಂಡರೆ ಅಡುಗೆಯೂ ಜೀವ್ಸ್‌ನದೇ. ಮಾಲ್‌ಗಳಲ್ಲಿ, ಮದುವೆ ಮಂಟಪಗಳಲ್ಲಿ ನಾವು ನೋಡುವ 'ವ್ಯಾಲೆ ಪಾರ್ಕಿಂಗ್' ಇದೇ ಪದದಿಂದ ಬಂದದ್ದು. ನಮ್ಮ ಕಾರನ್ನು ನಮ್ಮ ಪರವಾಗಿ ನೋಡಿಕೊಳ್ಳುವವನು ಎಂಬ ಅರ್ಥದಲ್ಲಿ.

ಇಲ್ಲಿ ಬಟ್ಟೆಗೆ ಯಾಕಿಷ್ಟು ಮಹತ್ವ? ಯಾವ ಹೊತ್ತಿಗೆ ಯಾವ ಕೋಟು, ಯಾವ ಟೈ ಅನ್ನುವುದಕ್ಕೆ ಆ ಸಮಾಜದಲ್ಲಿ ಕಟ್ಟುನಿಟ್ಟಿನ ನಿಯಮವಿತ್ತು. ಯಜಮಾನ ತಪ್ಪು ಬಟ್ಟೆ ತೊಟ್ಟು ಹೊರಗೆ ಹೋದರೆ ವ್ಯಾಲೆಟ್‌ಗೆ ಅವಮಾನ. ಮದುವೆ ಮನೆಯಲ್ಲಿ ಸಾರು ಕೆಟ್ಟರೆ ಅಡುಗೆ ಭಟ್ಟರು ತಲೆತಗ್ಗಿಸುತ್ತಾರಲ್ಲ, ಹಾಗೆ. ಹಿಂದಿನ ಕೆಲಸವೊಂದನ್ನು ಜೀವ್ಸ್ ಬಿಟ್ಟದ್ದು ಯಜಮಾನ ರಾತ್ರಿ ಊಟಕ್ಕೆ ಸರಿಯಾದ ಬಟ್ಟೆ ಹಾಕಿಕೊಳ್ಳಲಿಲ್ಲ ಅನ್ನುವ ಕಾರಣಕ್ಕೆ.

ಈ ಸೇವಕರಿಗೂ ಒಂದು ಕ್ಲಬ್ ಉಂಟು. ಹೆಸರು ಜೂನಿಯರ್ ಗ್ಯಾನಿಮೀಡ್. ಸೇರುವವರು ತಮ್ಮ ಯಜಮಾನನ ಸಂಗತಿಯನ್ನೆಲ್ಲ ಅಲ್ಲಿನ ಪುಸ್ತಕದಲ್ಲಿ ಬರೆಯಲೇಬೇಕು. ಅದು ಹನ್ನೊಂದನೇ ನಿಯಮ. ಯಾರ ಮನೆ ಹೇಗೆ, ಯಾರ ಗುಟ್ಟು ಏನು, ಎಲ್ಲವೂ ಆ ಪುಸ್ತಕದಲ್ಲಿ ಸಿಗುತ್ತದೆ. ಜೀವ್ಸ್‌ಗೆ ಎಲ್ಲರ ವಿಷಯ ಹೇಗೆ ಗೊತ್ತು ಅಂತ ಆಶ್ಚರ್ಯ ಪಡುವವರಿಗೆ ಉತ್ತರ ಅಲ್ಲಿದೆ.

ಕೆಲಸವಿಲ್ಲದ ಹುಡುಗರು, ಮಾತು ತಪ್ಪಬಾರದ ಹುಡುಗರು

ಆ ಕಾಲದ ಇಂಗ್ಲೆಂಡಿನಲ್ಲಿ ಜಂಟಲ್‌ಮನ್ ಅನ್ನುವ ಪದಕ್ಕೆ ಬರೀ 'ಸಭ್ಯ' ಎಂದಲ್ಲ ಅರ್ಥ. ಹೊಟ್ಟೆಪಾಡಿಗೆ ದುಡಿಯಬೇಕಿಲ್ಲದವನು ಎಂಬ ಅರ್ಥವೂ ಇತ್ತು. ದೊಡ್ಡ ಮನೆತನಗಳಲ್ಲಿ ಪದವಿ, ಜಮೀನು ಹಿರಿಯ ಮಗನಿಗೆ. ಉಳಿದ ಹುಡುಗರು ಚಿಕ್ಕಪ್ಪನೋ ಅತ್ತೆಯೋ ಕಳಿಸುವ ಮಾಸಿಕ ಹಣದ ಮೇಲೆ ಬದುಕಬೇಕು. ಬರ್ಟಿಗೆ ಸ್ವಂತ ಹಣ ಇದೆ. ಅವನ ಗೆಳೆಯರಿಗೆ ಇಲ್ಲ.

ಕತೆಗಳ ಇಂಜಿನ್ ಇಲ್ಲೇ ಇದೆ. ಬಿಂಗೋ ಲಿಟ್ಲ್ ಎಂಬ ಗೆಳೆಯ ಒಬ್ಬ ಹುಡುಗಿಯನ್ನು ಪ್ರೀತಿಸುತ್ತಾನೆ. ಹಣ ಕೊಡುವ ಚಿಕ್ಕಪ್ಪನಿಗೆ ಈ ಸಂಬಂಧ ಒಪ್ಪಿಗೆಯಾದೀತೋ ಇಲ್ಲವೋ. ಒಪ್ಪದಿದ್ದರೆ ಹಣ ನಿಲ್ಲುತ್ತದೆ. ಹಣ ನಿಂತರೆ ಮದುವೆ ನಿಲ್ಲುತ್ತದೆ. ಆಗ ಬಿಂಗೋ ಬರ್ಟಿಯ ಬಳಿ ಓಡಿ ಬರುತ್ತಾನೆ. ಬರ್ಟಿ ಜೀವ್ಸ್ ಕಡೆ ತಿರುಗುತ್ತಾನೆ.

ಇನ್ನೊಂದು ನಿಯಮ ಗೊತ್ತಿಲ್ಲದಿದ್ದರೆ ಕತೆಯೇ ಅರ್ಥವಾಗುವುದಿಲ್ಲ. ನಿಶ್ಚಯವಾದ ಮದುವೆಯನ್ನು ಹುಡುಗಿ ಮುರಿಯಬಹುದು, ಹುಡುಗ ಮುರಿಯುವಂತಿಲ್ಲ. ನಮ್ಮಲ್ಲಿ ತಾಂಬೂಲ ಬದಲಾಯಿಸಿಕೊಂಡ ಮೇಲೆ ಗಂಡಿನ ಕಡೆಯವರು ಹಿಂದೆ ಸರಿದರೆ ಊರೆಲ್ಲ ಛೀ ಅನ್ನುತ್ತದಲ್ಲ, ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ಹುಡುಗಿ ಕೋರ್ಟಿಗೂ ಹೋಗಬಹುದಿತ್ತು. ಆ ಕಾನೂನನ್ನು ಇಂಗ್ಲೆಂಡಿನಲ್ಲಿ ತೆಗೆದುಹಾಕಿದ್ದು 1970ರ ಕಾಯ್ದೆಯಲ್ಲಿ. ಹೀಗಾಗಿ ಯಾವ ಹುಡುಗಿಯಾದರೂ "ನೀನು ನನ್ನನ್ನು ಕೇಳಿದೆ, ನಾನು ಒಪ್ಪಿದೆ" ಅಂದುಕೊಂಡುಬಿಟ್ಟರೆ ಬರ್ಟಿ ಸುಮ್ನೆ ತಲೆಯಾಡಿಸಬೇಕು. 'ಇಲ್ಲ' ಅಂದರೆ ಆಕೆಗೆ ನೋವು. ತಪ್ಪಿಸಿಕೊಳ್ಳಲು ಇರುವ ದಾರಿ ಒಂದೇ: ಆಕೆಯೇ ಇವನನ್ನು ಬೇಡ ಅನ್ನುವಂತೆ ಮಾಡುವುದು. ಜೀವ್ಸ್‌ನ ಎಷ್ಟೋ ಉಪಾಯಗಳ ಗುರಿ ಇದೇ.

ಹುಡುಗರು ಸೇರುವ ಜಾಗ ಡ್ರೋನ್ಸ್ ಕ್ಲಬ್. ಡ್ರೋನ್ ಅಂದರೆ ಈಗಿನ ಹಾರುವ ಯಂತ್ರ ಅಲ್ಲ. ಜೇನುಗೂಡಿನ ಗಂಡುಹುಳು, ದುಡಿಯದೆ ಕೂತು ತಿನ್ನುವುದು. ಊಟದ ಹೊತ್ತಿಗೆ ಬ್ರೆಡ್ಡಿನ ಉಂಡೆ ಎಸೆದಾಡುವುದು ಅಲ್ಲಿನ ಆಟ. ಒಮ್ಮೆ ಟಪ್ಪಿ ಗ್ಲಾಸಪ್ ಎಂಬ ಗೆಳೆಯ ಬರ್ಟಿಗೆ ಪಂಥ ಕಟ್ಟುತ್ತಾನೆ. ಈಜುಕೊಳದ ಮೇಲೆ ಸಾಲಾಗಿ ತೂಗುಬಿಟ್ಟ ಬಳೆಗಳನ್ನು ಹಿಡಿದು ದಾಟಬೇಕು. ಕೊನೆಯ ಬಳೆಯನ್ನು ಟಪ್ಪಿ ಮೊದಲೇ ಹಿಂದಕ್ಕೆ ಕಟ್ಟಿಟ್ಟಿರುತ್ತಾನೆ. ಪೂರ್ತಿ ಸಂಜೆ ಉಡುಪಿನಲ್ಲಿದ್ದ ಬರ್ಟಿ ನೀರಿಗೆ ಬೀಳುತ್ತಾನೆ. ಈ ಘಟನೆಯನ್ನು ಅವನು ಕತೆ ಕತೆಗೂ ನೆನೆಸಿಕೊಳ್ಳುತ್ತಾನೆ. ಆದರೂ ಟಪ್ಪಿಗೆ ಕಷ್ಟ ಬಂದಾಗ ನೆರವಿಗೆ ಓಡುವವನು ಬರ್ಟಿಯೇ.

ಅತ್ತೆಯರು, ಸೋದರತ್ತೆಯರು

ಇಲ್ಲಿ ಕನ್ನಡದ ಓದುಗರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನ 'ಆಂಟ್' ಅಂದರೆ ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ ಯಾರೂ ಆಗಬಹುದು. ಬರ್ಟಿಯ ಬದುಕನ್ನು ಆಳುವ ಅಗಾಥಾ ಮತ್ತು ಡೇಲಿಯಾ ಇಬ್ಬರೂ ಅವನ ಅಪ್ಪನ ಅಕ್ಕತಂಗಿಯರು. ಅಂದರೆ ಸೋದರತ್ತೆಯರು. ಸೋದರತ್ತೆಗೆ ಅಣ್ಣತಮ್ಮಂದಿರ ಮಗನ ಮೇಲಿರುವ ಹಕ್ಕು ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅಗಾಥಾ ಕಂಡರೆ ಬರ್ಟಿ ನಡುಗುತ್ತಾನೆ. ಆಕೆಯ ಪಾಲಿಗೆ ಅವನು ಮನೆತನಕ್ಕೆ ಕಳಂಕ. ಗಟ್ಟಿ ಸ್ವಭಾವದ ಒಬ್ಬ ಹುಡುಗಿಗೆ ಕಟ್ಟಿ ದಾರಿಗೆ ತರಬೇಕು ಅನ್ನುವುದು ಆಕೆಯ ಹಟ. ಡೇಲಿಯಾ ಬೇರೆ ಥರ. ಕುದುರೆ ಏರಿ ನರಿ ಬೇಟೆಯಾಡಿ ಬೆಳೆದವಳು. ಮೈದಾನದಲ್ಲಿ ಕೂಗಿ ಅಭ್ಯಾಸವಾದ ಆ ದನಿಯಲ್ಲೇ ಮನೆಯೊಳಗೂ ಮಾತಾಡುತ್ತಾಳೆ. ಬೈಗುಳವೆಲ್ಲ ಪ್ರೀತಿಯವೇ. ತನ್ನ ಕೆಲಸಕ್ಕೆ ಬರ್ಟಿಯನ್ನು ಹೆದರಿಸಿ ಬೆದರಿಸಿ ಬಳಸಿಕೊಳ್ಳುವುದರಲ್ಲಿ ಮಾತ್ರ ಆಕೆಯೂ ಹಿಂದೆ ಇಲ್ಲ.

ಇಷ್ಟು ಅತ್ತೆಯರು ಎಲ್ಲಿಂದ ಬಂದರು? ವುಡ್‌ಹೌಸ್ ಹುಟ್ಟಿದ್ದು 1881ರಲ್ಲಿ. ಅಪ್ಪ ಹಾಂಕಾಂಗಿನಲ್ಲಿ ಮ್ಯಾಜಿಸ್ಟ್ರೇಟ್. ಮಗನನ್ನು ತೀರಾ ಚಿಕ್ಕವನಿದ್ದಾಗಲೇ ಇಂಗ್ಲೆಂಡಿನಲ್ಲಿ ಬಿಟ್ಟು ಹೋದರು. ದಾದಿಯ ಕೈಯಲ್ಲಿ, ಬೋರ್ಡಿಂಗ್ ಶಾಲೆಗಳಲ್ಲಿ ಬೆಳೆದ ಹುಡುಗ ರಜೆ ಬಂದಾಗಲೆಲ್ಲ ಬಂಧುಗಳ ಮನೆಗೆ ಹೋಗಬೇಕಿತ್ತು. ಅಲ್ಲಿ ಅತ್ತೆಯರು, ಚಿಕ್ಕಮ್ಮ ದೊಡ್ಡಮ್ಮಂದಿರು. ಈ ವಿಷಯ ಗೊತ್ತಾದ ಮೇಲೆ ಅಗಾಥಾಳನ್ನು ಓದುವಾಗ ನನಗೆ ನಗುವಿನ ಜೊತೆ ಆ ಪುಟ್ಟ ಹುಡುಗನೂ ನೆನಪಾಗುತ್ತಾನೆ.

ಒಂದು ಕತೆಯನ್ನು ಬಿಚ್ಚಿ ನೋಡೋಣ

'ಜೀವ್ಸ್ ಟೇಕ್ಸ್ ಚಾರ್ಜ್' 1916ರಲ್ಲಿ ಬಂದ ಕತೆ. ಜೀವ್ಸ್ ಮೊದಲ ಸಲ ಬರ್ಟಿಯ ಮನೆಗೆ ಬಂದ ದಿನದ್ದು. 'ಕ್ಯಾರಿ ಆನ್, ಜೀವ್ಸ್' ಸಂಕಲನದ ಮೊದಲ ಕತೆಯೂ ಅದೇ.

ಹಿಂದಿನ ವ್ಯಾಲೆಟ್ ರೇಷ್ಮೆ ಕಾಲುಚೀಲ ಕದ್ದ ಅಂತ ಬರ್ಟಿ ಅವನನ್ನು ಬಿಡಿಸಿದ್ದಾನೆ. ಬೆಳಿಗ್ಗೆ. ಹಿಂದಿನ ರಾತ್ರಿಯ ಕುಡಿತದಿಂದ ತಲೆ ಸಿಡಿಯುತ್ತಿದೆ. ಕೈಯಲ್ಲಿ ನೀತಿಶಾಸ್ತ್ರದ ಒಂದು ದಪ್ಪ ಪುಸ್ತಕ. ಮದುವೆ ನಿಶ್ಚಯವಾಗಿರುವ ಫ್ಲಾರೆನ್ಸ್ ಕ್ರೇ ಓದು ಅಂತ ಕೊಟ್ಟದ್ದು. ಬರ್ಟಿಯ ಬುದ್ಧಿಯನ್ನು ತಿದ್ದಿ ಎತ್ತರಕ್ಕೆ ಏರಿಸುವುದು ಆಕೆಯ ಯೋಜನೆ. ಆಗ ಬಾಗಿಲ ಗಂಟೆ. ಏಜೆನ್ಸಿಯವರು ಕಳಿಸಿದ ಹೊಸ ಮನುಷ್ಯ. ಒಂದು ನೋಟದಲ್ಲೇ ಬರ್ಟಿಯ ಸ್ಥಿತಿ ಅವನಿಗೆ ಅರ್ಥವಾಗುತ್ತದೆ. ಅಡುಗೆಮನೆಗೆ ಹೋಗಿ ಒಂದು ಲೋಟ ತರುತ್ತಾನೆ. ಅದರಲ್ಲಿ ವೂಸ್ಟರ್ ಸಾಸ್, ಹಸಿ ಮೊಟ್ಟೆ, ಕೆಂಪು ಮೆಣಸಿನ ಪುಡಿ. ಸಾಸ್ ಬಣ್ಣಕ್ಕೆ, ಮೊಟ್ಟೆ ಪುಷ್ಟಿಗೆ, ಮೆಣಸು ಖಾರಕ್ಕೆ ಅಂತ ವಿವರವಾಗಿ ಹೇಳುತ್ತಾನೆ. ಕುಡಿದ ಬರ್ಟಿಗೆ ಗಂಟಲಲ್ಲಿ ಬಾಂಬು ಸಿಡಿದ ಹಾಗಾಗಿ, ಮರುಕ್ಷಣ ಲೋಕವೆಲ್ಲ ತಿಳಿಯಾಗುತ್ತದೆ. ಅಲ್ಲೇ ನೌಕರಿ ಖಾಯಂ.

ಮುಂದೆ ಇಬ್ಬರೂ ಹಳ್ಳಿಯಲ್ಲಿರುವ ವಿಲ್ಲೋಬಿ ಎಂಬ ಹಿರಿಯರ ಮನೆಗೆ ಹೋಗುತ್ತಾರೆ. ಆತ ತನ್ನ ಆತ್ಮಕತೆ ಬರೆದು ಮುಗಿಸಿದ್ದಾನೆ. ಅದರ ತುಂಬ ಯೌವನದ ಪುಂಡಾಟಗಳು. ಈಗ ಊರಿನ ಗಣ್ಯರಾಗಿರುವ ಗೆಳೆಯರ ಹೆಸರುಗಳೂ ಇವೆ, ಫ್ಲಾರೆನ್ಸಳ ಅಪ್ಪನದೂ ಸೇರಿ. ಆಕೆ ಕಿಡಿಕಿಡಿ. ಹಸ್ತಪ್ರತಿ ಕದ್ದು ನಾಶ ಮಾಡು, ಇಲ್ಲವಾದರೆ ಮದುವೆ ಇಲ್ಲ ಎಂದು ಬರ್ಟಿಗೆ ಅಪ್ಪಣೆ. ಬರ್ಟಿ ಕದಿಯುತ್ತಾನೆ. ಫ್ಲಾರೆನ್ಸಳ ತಮ್ಮ, ದಿನಕ್ಕೊಂದು ಸತ್ಕಾರ್ಯ ಮಾಡಲೇಬೇಕೆಂದು ಹೊರಟ ಸ್ಕೌಟ್ ಹುಡುಗ, ಅದನ್ನು ನೋಡಿಬಿಡುತ್ತಾನೆ. ಗಂಟು ಜೀವ್ಸ್‌ನ ಕೈ ಸೇರುತ್ತದೆ. ಜೀವ್ಸ್ ಅದನ್ನು ನೇರ ಪ್ರಕಾಶಕರಿಗೆ ಪೋಸ್ಟ್ ಮಾಡಿಬಿಡುತ್ತಾನೆ!

ಮದುವೆ ಮುರಿಯುತ್ತದೆ. ಸಿಟ್ಟಿಗೆದ್ದ ಬರ್ಟಿ ಜೀವ್ಸ್‌ನನ್ನು ಕೆಲಸದಿಂದ ತೆಗೆಯುತ್ತಾನೆ. ಆಗ ಜೀವ್ಸ್ ಶಾಂತವಾಗಿ ಹೇಳುತ್ತಾನೆ: ಆಕೆಯ ಮನೆಯಲ್ಲಿ ನಾನು ಕೆಲಸ ಮಾಡಿದ್ದೇನೆ, ಆಕೆ ತಮಗೆ ತಕ್ಕವರಲ್ಲ, ಮುಂದೆ ತಮ್ಮ ಕೈಗೆ ನೀತ್ಸೆಯ ಪುಸ್ತಕ ಕೊಡುವವರಿದ್ದರು, ನೀತ್ಸೆ ತಮಗೆ ಹಿಡಿಸುವುದಿಲ್ಲ, ಆತನ ಬುನಾದಿಯೇ ಸರಿಯಿಲ್ಲ.

ಜರ್ಮನಿಯ ಅಷ್ಟು ದೊಡ್ಡ ತತ್ವಜ್ಞಾನಿಯ ಬಗ್ಗೆ ಒಬ್ಬ ಸೇವಕ, ಸೂಟಿನ ಹೊಲಿಗೆ ಸರಿಯಿಲ್ಲ ಅನ್ನುವ ದನಿಯಲ್ಲಿ ಕೊಟ್ಟ ತೀರ್ಪು ಇದು. ನಗು ಇಲ್ಲಿದೆ. ಬರ್ಟಿ ಒಂದು ರಾತ್ರಿ ನಿದ್ದೆ ಮಾಡಿ ಏಳುತ್ತಾನೆ. ಹೌದಲ್ಲ ಅನಿಸುತ್ತದೆ. ಜೀವ್ಸ್ ಉಳಿಯುತ್ತಾನೆ.

ಈ ನಡುವೆ ಇನ್ನೊಂದು ಎಳೆ ಓಡುತ್ತಿರುತ್ತದೆ. ಬರ್ಟಿಗೆ ತುಂಬ ಇಷ್ಟವಾದ ಚೌಕಳಿ ಸೂಟೊಂದು ಜೀವ್ಸ್‌ಗೆ ಹಿಡಿಸಿಲ್ಲ. ಅದರ ಗತಿ ಏನಾಯಿತು ಅಂತ ನಾನು ಇಲ್ಲಿ ಹೇಳುವುದಿಲ್ಲ. ಕತೆಯ ಕೊನೆಯ ಸಾಲುಗಳನ್ನು ನೀವೇ ಓದಬೇಕು.

ಈ ಎರಡು ಎಳೆಗಳೇ ಮುಂದಿನ ಹೆಚ್ಚಿನ ಕತೆಗಳ ಹೆಣಿಗೆ. ಒಂದು ಕಡೆ ಯಾರದೋ ಪ್ರೀತಿ, ಹಣ, ಮದುವೆಯ ಗೋಜಲು. ಇನ್ನೊಂದು ಕಡೆ ಬಟ್ಟೆಯದೋ ಇನ್ನೇನರದೋ ಜಗಳ. ಒಮ್ಮೆ ಹಿತ್ತಾಳೆ ಗುಂಡಿಯ ಬಿಳಿ ಕೋಟು. ಒಮ್ಮೆ ಬರ್ಟಿ ಬಿಟ್ಟ ಮೀಸೆ. ಒಮ್ಮೆ ಬ್ಯಾಂಜೊಲೀಲೆ ಎಂಬ ತಂತಿವಾದ್ಯ. ಜೀವ್ಸ್ ಗೋಜಲು ಬಿಡಿಸುತ್ತಾನೆ. ಋಣಕ್ಕೆ ಬರ್ಟಿ ಆ ವಸ್ತುವನ್ನು ಬಿಟ್ಟುಕೊಡುತ್ತಾನೆ. ಹರಕೆ ತೀರಿಸಿದ ಹಾಗೆ.

ನಗು ಇರುವುದು ಮಾತಿನಲ್ಲಿ

ನನ್ನ ಅಕ್ಕನ ಮಗಳು ಎಡವಿದ್ದು ಇಲ್ಲಿ. ಮುಂದೇನಾಯಿತು, ಮುಂದೇನಾಯಿತು ಅಂತ ಓಡುತ್ತಾ ಓದಿದಳು. ವುಡ್‌ಹೌಸ್ ಕತೆಯಲ್ಲಿ ಕೊನೆಗೆ ಎಲ್ಲ ಸರಿಹೋಗುತ್ತದೆ ಅಂತ ಮೊದಲ ಸಾಲಿಗೇ ಗೊತ್ತು. ಹರಿಕತೆ ಕೇಳಲು ಹೋಗುವವರಿಗೆ ರಾಮ ಗೆಲ್ಲುತ್ತಾನೆ ಅಂತ ಗೊತ್ತಿಲ್ಲವೇ? ದಾಸರು ಹೇಗೆ ಹೇಳುತ್ತಾರೆ ಅಂತ ಕೇಳಲು ಹೋಗುತ್ತಾರೆ. ಇದೂ ಹಾಗೇ. ಸಾಲು ಸಾಲಾಗಿ, ನಿಧಾನವಾಗಿ, ಸಾಧ್ಯವಾದರೆ ಬಾಯಿಬಿಟ್ಟು ಓದಬೇಕು.

ಬರ್ಟಿಯ ಮಾತಿನಲ್ಲಿ ಮೂರು ಚಳಕ ಗಮನಿಸಿ. ಮೊದಲನೆಯದು ಅರ್ಧ ನೆನಪು. ಶಾಲೆಯಲ್ಲಿ ಉರು ಹೊಡೆದ ಶೇಕ್ಸ್‌ಪಿಯರ್, ಬೈಬಲ್, ಟೆನಿಸನ್ ಎಲ್ಲ ಅವನ ತಲೆಯಲ್ಲಿ ತುಂಡು ತುಂಡಾಗಿ ಉಳಿದಿದೆ. ನಮಗೆ ಸರ್ವಜ್ಞನ ವಚನದ ಮೊದಲ ಸಾಲು ಬಂದು ಎರಡನೆಯದು ಕೈಕೊಡುತ್ತದಲ್ಲ, ಹಾಗೆ. ಬ್ರೌನಿಂಗ್ ಕವಿಯ ಪ್ರಸಿದ್ಧ ಸಾಲಿನಲ್ಲಿ ಬಾನಾಡಿ ಹಾರುತ್ತಿರುತ್ತದೆ, ಬಸವನಹುಳು ಮುಳ್ಳಿನ ಮೇಲಿರುತ್ತದೆ. ಬರ್ಟಿ ಹೇಳುವಾಗ ಬಸವನಹುಳು ಹಾರುತ್ತದೆ! ಅವನು ಸಿಕ್ಕಿಕೊಂಡ ಕಡೆಯೆಲ್ಲ ಜೀವ್ಸ್ ಸಾಲು ಪೂರ್ತಿ ಮಾಡಿಕೊಡುತ್ತಾನೆ.

ಎರಡನೆಯದು ವಿಶೇಷಣವನ್ನು ಜಾಗ ಬದಲಿಸಿ ಕೂರಿಸುವುದು. ನಾವು 'ನಿದ್ದೆಗೆಟ್ಟ ರಾತ್ರಿ' ಅನ್ನುತ್ತೇವೆ. ನಿದ್ದೆ ಕೆಟ್ಟದ್ದು ರಾತ್ರಿಗಲ್ಲ, ನಮಗೆ. ಬರ್ಟಿ ಇದನ್ನು ಎಲ್ಲೆಂದರಲ್ಲಿ ಮಾಡುತ್ತಾನೆ. ಒಂದು ಕಡೆ ಅವನು ಚಮಚದ ಮೇಲೆ ನಿಲ್ಲಿಸುವುದು ಯೋಚನೆಯಲ್ಲಿ ಮುಳುಗಿದ ಸಕ್ಕರೆ ತುಂಡನ್ನು. ಯೋಚಿಸುತ್ತಿರುವವನು ಬರ್ಟಿ, ಸಕ್ಕರೆಯಲ್ಲ. ವೇಗವಾಗಿ ಓದಿದರೆ ಇದು ಕಣ್ತಪ್ಪಿ ಹೋಗುತ್ತದೆ.

ಮೂರನೆಯದು ಇಬ್ಬರ ಮಾತಿನ ಅಳತೆ. ಬರ್ಟಿ ಹತ್ತು ಸಾಲು ಸುರಿಸುತ್ತಾನೆ. ಗಾಬರಿ, ಬೀದಿಮಾತು, ಕುದುರೆ ಜೂಜಿನ ಪದಗಳು, ಅರ್ಧಕ್ಕೇ ಕತ್ತರಿಸಿದ ಶಬ್ದಗಳು. ಜೀವ್ಸ್‌ನ ಉತ್ತರ ಎರಡು ಪದ: "ಹೌದೇ, ಸರ್?" ಲೋಕ ಮುಳುಗುತ್ತಿದ್ದರೂ ಅವನ ಮುಖದಲ್ಲಿ ಕಾಣುವುದು ಒಂದು ಹುಬ್ಬು ಕೂದಲೆಳೆಯಷ್ಟು ಮೇಲೇರಿದ್ದು ಮಾತ್ರ. ಅವನು ನಡೆದು ಬರುವುದೂ ಇಲ್ಲ. ಇಲ್ಲಿರಲಿಲ್ಲ, ಈಗ ಇದ್ದಾನೆ, ಅಷ್ಟೇ. ಆ ಬರುವಿಕೆಗೆ ಪ್ರತಿ ಸಲ ಬರ್ಟಿ ಹೊಸ ಕ್ರಿಯಾಪದ ಹುಡುಕುತ್ತಾನೆ.

ಯಜಮಾನ ಯಾರು?

ಜಾಣ ಸೇವಕ, ಪೆದ್ದ ಯಜಮಾನ ಎಂಬ ಜೋಡಿ ಬಹಳ ಹಳೆಯದು. ಎರಡು ಸಾವಿರ ವರ್ಷದ ಹಿಂದಿನ ರೋಮನ್ ನಾಟಕಗಳಲ್ಲೇ ಇದೆ. ನಮ್ಮ ಯಕ್ಷಗಾನದಲ್ಲೂ ರಾಜನ ಪಕ್ಕ ದೂತನಾಗಿ, ಚಾರಕನಾಗಿ ಹಾಸ್ಯಗಾರ ಬರುತ್ತಾನೆ. ಅಲ್ಲಿ ರಾಜ ಗಂಭೀರ, ನಗಿಸುವವನು ಸೇವಕ. ವುಡ್‌ಹೌಸ್ ಇದನ್ನು ತಿರುವುಮುರುವು ಮಾಡಿದರು. ಇಲ್ಲಿ ಸೇವಕ ಗಂಭೀರ, ನಗು ಉಕ್ಕುವುದು ಯಜಮಾನನ ಬಾಯಿಂದ.

ಒಮ್ಮೆ ಜೀವ್ಸ್ ತನ್ನ ಯಜಮಾನನ ಬಗ್ಗೆ ಇನ್ನೊಬ್ಬನಿಗೆ ಹೇಳುವುದು ಬರ್ಟಿಯ ಕಿವಿಗೆ ಬೀಳುತ್ತದೆ. ತುಂಬ ಒಳ್ಳೆಯವರು, ಆದರೆ ಬುದ್ಧಿಯ ಲೆಕ್ಕದಲ್ಲಿ ಗಣನೆಗೆ ಬರುವವರಲ್ಲ ಎಂದು. ಬರ್ಟಿಗೆ ನೋವಾಗುತ್ತದೆ. ಆ ನೋವನ್ನೂ ಅವನೇ ನಮಗೆ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಅವನನ್ನು ನಾನು ಇಷ್ಟಪಡುವುದು ಇದಕ್ಕೇ. ಜೀವ್ಸ್ ಜಾಣ, ಸರಿ. ಆದರೆ ಗೆಳೆಯನನ್ನು ಕೈಬಿಡಬಾರದು ಎಂದು ಪ್ರತಿ ಸಲ ಕೆಸರಿಗೆ ಇಳಿಯುವವನು ಬರ್ಟಿ. ಜೀವ್ಸ್‌ನ ಉಪಾಯಗಳಲ್ಲಿ ಪೆಟ್ಟು ತಿನ್ನುವವನೂ ಅವನೇ. ಒಂದು ಕಾದಂಬರಿಯಲ್ಲಿ ಉಪಾಯದ ಭಾಗವಾಗಿ ನಡುರಾತ್ರಿ ಮೈಲಿಗಟ್ಟಲೆ ಸೈಕಲ್ ತುಳಿಯುತ್ತಾನೆ.

ಕನ್ನಡಕ್ಕೆ ತರುವುದಾದರೆ ಹೇಗೆ ಅಂತ ನಾನು ಆಗಾಗ ಯೋಚಿಸುತ್ತೇನೆ. ಇಂಗ್ಲಿಷಿನಲ್ಲಿ ಇಬ್ಬರೂ ಇನ್ನೊಬ್ಬರಿಗೆ ಹೇಳುವುದು 'ಯೂ'. ನಮ್ಮಲ್ಲಿ ಆರಿಸಲೇಬೇಕು. ಬರ್ಟಿ ಸಲಿಗೆಯಿಂದ 'ನೀನು' ಅಂದಾನು. ಜೀವ್ಸ್ 'ನೀವು' ಕೂಡ ಅನ್ನಲಿಕ್ಕಿಲ್ಲ, 'ತಾವು' ಅಂದಾನು. ಇನ್ನು ಆ 'ಸರ್'. ಅದರ ಬದಲು 'ಬುದ್ಧಿ' ಅಂದರೆ ಹಳೇ ಮೈಸೂರಿನ ಹಳ್ಳಿಯ ಜಾತಿ, ಜಮೀನಿನ ಭಾರವೆಲ್ಲ ಬಂದುಬಿಡುತ್ತದೆ. ಧಣಿ ಅಂದರೂ ಹಾಗೇ. ಸಾಹೇಬ್ರ ಅಂದರೆ ಧಾರವಾಡದ ಕಚೇರಿ ಕಣ್ಣಮುಂದೆ ಬರುತ್ತದೆ. ಜೀವ್ಸ್‌ನ 'ಸರ್' ವಿನಯವೂ ಹೌದು, ಒಪ್ಪಿಗೆಯಿಲ್ಲ ಎಂಬ ಸೂಚನೆಯೂ ಹೌದು. ಅದಕ್ಕೆ ನಾನಾಗಿದ್ದರೆ 'ಸರ್' ಎಂದೇ ಇಟ್ಟುಕೊಳ್ಳುತ್ತಿದ್ದೆ. ಬರ್ಟಿ ಅವನನ್ನು ಕರೆಯುವುದು ಮನೆತನದ ಹೆಸರಿನಿಂದ ಮಾತ್ರ. ಜೀವ್ಸ್‌ಗೆ ರೆಜಿನಾಲ್ಡ್ ಎಂಬ ಸ್ವಂತ ಹೆಸರೂ ಇದೆ ಅಂತ ಅವನಿಗೆ ಗೊತ್ತಾಗುವುದು 1971ರ ಕಾದಂಬರಿಯಲ್ಲಿ!

ಹೆಸರು ಬಂದದ್ದು ಕ್ರಿಕೆಟ್ ಮೈದಾನದಿಂದ

1913ರ ಆಗಸ್ಟಿನಲ್ಲಿ ವುಡ್‌ಹೌಸ್ ಚೆಲ್ಟನ್‌ಹ್ಯಾಮ್‌ನಲ್ಲಿ ಒಂದು ಕೌಂಟಿ ಪಂದ್ಯ ನೋಡಿದರು. ವಾರ್ವಿಕ್‌ಶೈರ್ ತಂಡದಲ್ಲಿ ಪರ್ಸಿ ಜೀವ್ಸ್ ಎಂಬ ಬೌಲರ್ ಇದ್ದ. ಅವನ ಆಟ, ಹೆಸರು ಎರಡೂ ಮನಸ್ಸಿನಲ್ಲಿ ಉಳಿಯಿತು. ಎರಡು ವರ್ಷದ ಮೇಲೆ ಕತೆಯಲ್ಲಿ ಒಬ್ಬ ಸೇವಕನಿಗೆ ಆ ಹೆಸರಿಟ್ಟರು. ಮೊದಲ ಕತೆಯಲ್ಲಿ ಆ ಸೇವಕನಿಗೆ ಇದ್ದದ್ದು ಎರಡೇ ಮಾತು. ಪರ್ಸಿ ಜೀವ್ಸ್ ಮೊದಲ ಮಹಾಯುದ್ಧಕ್ಕೆ ಸೇರಿದ. 1916ರ ಜುಲೈನಲ್ಲಿ ಫ್ರಾನ್ಸಿನ ಸೋಮ್ ಕದನದಲ್ಲಿ ಸತ್ತ. ವಯಸ್ಸು 28. ಬರ್ಟಿಯ ಲೋಕದಲ್ಲಿ ಯುದ್ಧದ ಸುಳಿವು ಇಲ್ಲವೆಂದೇ ಹೇಳಬೇಕು. ಹೆಸರು ಮಾತ್ರ ಆ ಯುದ್ಧದಲ್ಲಿ ಸತ್ತವನದು.

ವುಡ್‌ಹೌಸ್ ಎರಡು ವರ್ಷ ಬ್ಯಾಂಕಿನಲ್ಲಿ ದುಡಿದು, 1902ರಲ್ಲಿ ಬಿಟ್ಟು ಬರವಣಿಗೆಗೆ ಇಳಿದವರು. ನ್ಯೂಯಾರ್ಕಿನಲ್ಲಿ ಗೈ ಬೋಲ್ಟನ್, ಜೆರೋಮ್ ಕರ್ನ್ ಜೊತೆ ಸಂಗೀತ ನಾಟಕಗಳಿಗೂ ಬರೆದರು. ಕತೆಗಳಲ್ಲಿ ಒಬ್ಬ ಈ ಬಾಗಿಲಿನಿಂದ ಹೋಗುವುದು, ಇನ್ನೊಬ್ಬ ಆ ಬಾಗಿಲಿನಿಂದ ಬರುವುದು, ಯಾರೋ ಸೋಫಾ ಹಿಂದೆ ಅಡಗುವುದು ಎಲ್ಲ ಆ ರಂಗದ ಪಾಠ. ನಮ್ಮ ಕಂಪನಿ ನಾಟಕ ನೋಡಿದವರಿಗೆ ಇದು ಕೂಡಲೇ ಗುರುತು ಸಿಗುತ್ತದೆ.

ಎರಡು ಕಷ್ಟದ ವಿಷಯ

ಎರಡನೇ ಮಹಾಯುದ್ಧದಲ್ಲಿ ವುಡ್‌ಹೌಸ್ ಫ್ರಾನ್ಸಿನ ಲೆ ಟೂಕೆಯಲ್ಲಿದ್ದರು. 1940ರಲ್ಲಿ ಜರ್ಮನರು ಅವರನ್ನು ಹಿಡಿದು ಶಿಬಿರದಲ್ಲಿಟ್ಟರು. ಬಿಡುಗಡೆಯಾದ ಮೇಲೆ, 1941ರಲ್ಲಿ, ಬರ್ಲಿನ್ ರೇಡಿಯೋದಿಂದ ಅಮೆರಿಕದ ಕೇಳುಗರಿಗೆ ಐದು ಭಾಷಣ ಮಾಡಿದರು. ಶಿಬಿರದ ಬದುಕಿನ ಬಗ್ಗೆ ಹಗುರ ಮಾತುಗಳು. ಬಾಂಬು ಬೀಳುತ್ತಿದ್ದ ಬ್ರಿಟನ್ನಿನ ಜನ ಕೆರಳಿದರು. ಕೆಲವು ಗ್ರಂಥಾಲಯಗಳು ಅವರ ಪುಸ್ತಕ ತೆಗೆದುಹಾಕಿದವು. ಲೇಖಕ ಜಾರ್ಜ್ ಆರ್ವೆಲ್ 1945ರಲ್ಲಿ ಅವರ ಪರವಾಗಿ ಬರೆದರು. ಸರ್ಕಾರ ತನಿಖೆ ಮಾಡಿಸಿತು, ಮೊಕದ್ದಮೆ ಹೂಡಲಿಲ್ಲ. 1938ರ ಕಾದಂಬರಿಯಲ್ಲಿ ಇದೇ ವುಡ್‌ಹೌಸ್, ಕಪ್ಪು ಚಡ್ಡಿ ತೊಟ್ಟ ಪಡೆ ಕಟ್ಟುವ ಸ್ಪೋಡ್ ಎಂಬ ಪಾತ್ರದ ಮೂಲಕ ಇಂಗ್ಲೆಂಡಿನ ಫ್ಯಾಸಿಸ್ಟ್ ನಾಯಕ ಮೋಸ್ಲಿಯನ್ನು ಗೇಲಿ ಮಾಡಿದ್ದರು. ಯುದ್ಧದ ನಂತರ ಅಮೆರಿಕಕ್ಕೆ ಹೋದವರು ಮತ್ತೆ ಇಂಗ್ಲೆಂಡಿಗೆ ಬರಲಿಲ್ಲ. 1975ರ ಹೊಸವರ್ಷಕ್ಕೆ ಬ್ರಿಟನ್ 'ಸರ್' ಪದವಿ ಕೊಟ್ಟಿತು. ಫೆಬ್ರವರಿ 14ರಂದು ತೀರಿಕೊಂಡರು.

ಎರಡನೆಯದು, ಕೆಲವು ಪುಸ್ತಕಗಳಲ್ಲಿ ಕಪ್ಪು ಜನರ ಬಗ್ಗೆ ಆ ಕಾಲದ ಕೆಟ್ಟ ಪದಗಳಿವೆ. 'ಥ್ಯಾಂಕ್ ಯೂ, ಜೀವ್ಸ್'ನಲ್ಲಿ ಮುಖಕ್ಕೆ ಮಸಿ ಬಳಿದುಕೊಳ್ಳುವುದೇ ಕತೆಯ ಭಾಗ. ಇಂಥ ಪದಗಳನ್ನು ಹೊಸ ಮುದ್ರಣಗಳಲ್ಲಿ ತಿದ್ದಿದ್ದಾರೆ ಎಂದು 2023ರಲ್ಲಿ ಸುದ್ದಿಯಾಯಿತು. ಹಳೇ ಪ್ರತಿ ಕೊಳ್ಳುವವರಿಗೆ ಮೂಲದ ಪದಗಳೇ ಸಿಗುತ್ತವೆ. ಮಕ್ಕಳ ಕೈಗೆ ಕೊಡುವಾಗ ಇದು ತಿಳಿದಿರಬೇಕು.

ಎಲ್ಲಿಂದ ಶುರು ಮಾಡೋದು?

ಸಣ್ಣ ಕತೆಗಳಿಂದ. ಮೊದಲು 'ಕ್ಯಾರಿ ಆನ್, ಜೀವ್ಸ್' (1925), ಅದರಲ್ಲಿ ಹತ್ತು ಕತೆ. ಆಮೇಲೆ 'ದಿ ಇನಿಮಿಟಬಲ್ ಜೀವ್ಸ್' (1923), 'ವೆರಿ ಗುಡ್, ಜೀವ್ಸ್' (1930). 1919ರ 'ಮೈ ಮ್ಯಾನ್ ಜೀವ್ಸ್' ಸಿಕ್ಕರೆ ಅವಸರ ಬೇಡ. ಅದರಲ್ಲಿ ಅರ್ಧದಷ್ಟು ಕತೆಗಳಲ್ಲಿ ಜೀವ್ಸ್ ಇಲ್ಲ. ಇರುವ ನಾಲ್ಕನ್ನು ವುಡ್‌ಹೌಸ್ ತಿದ್ದಿ 1925ರ ಸಂಕಲನಕ್ಕೆ ಸೇರಿಸಿದ್ದಾರೆ. ಈ ಲೋಕ ಹಿಡಿಸಿದ ಮೇಲೆ ಕಾದಂಬರಿ: 'ರೈಟ್ ಹೋ, ಜೀವ್ಸ್' (1934), 'ದಿ ಕೋಡ್ ಆಫ್ ದಿ ವೂಸ್ಟರ್ಸ್' (1938). ಮೊದಲನೆಯದರಲ್ಲಿ ಗಸ್ಸಿ ಎಂಬ ನಾಚಿಕೆಯ ಹುಡುಗ ಕುಡಿದ ಅಮಲಿನಲ್ಲಿ ಶಾಲೆಯ ಬಹುಮಾನ ಹಂಚುವ ದೃಶ್ಯವಿದೆ. ಅದನ್ನು ಬಸ್ಸಿನಲ್ಲಿ ಓದಬೇಡಿ, ಪಕ್ಕದವರು ತಿರುಗಿ ನೋಡುತ್ತಾರೆ.

ಹಳೇ ಪುಸ್ತಕ ಕೊಳ್ಳುವಾಗ ಒಂದು ಎಚ್ಚರ. ಕೆಲವು ಪುಸ್ತಕಗಳಿಗೆ ಇಂಗ್ಲೆಂಡಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು. 'ರೈಟ್ ಹೋ, ಜೀವ್ಸ್' ಅಲ್ಲಿ 'ಬ್ರಿಂಕ್ಲಿ ಮ್ಯಾನರ್' ಆಗಿದೆ. ನೋಡದೆ ಕೊಂಡರೆ ಒಂದೇ ಪುಸ್ತಕ ಎರಡು ಸಲ ಮನೆಗೆ ಬರುತ್ತದೆ.

ದಿನಕ್ಕೆ ಒಂದೇ ಕತೆ ಸಾಕು. ಸಾಲಾಗಿ ಐದು ಓದಿದರೆ ಹೆಣಿಗೆ ಎದ್ದು ಕಾಣುತ್ತದೆ, ರುಚಿ ಕಡಿಮೆಯಾಗುತ್ತದೆ. ಓದಿದ ಮೇಲೆ ಸ್ಟೀಫನ್ ಫ್ರೈ, ಹ್ಯೂ ಲಾರಿ ನಟಿಸಿದ ಟಿವಿ ಸರಣಿ (1990–93) ನೋಡಬಹುದು. ಮೊದಲೇ ನೋಡಿದರೆ ಬರ್ಟಿಯ ದನಿ ನಿಮ್ಮ ಕಿವಿಯಲ್ಲಿ ಹುಟ್ಟುವುದಿಲ್ಲ.

ಅಕ್ಕನ ಮಗಳು ಆ ದಿನ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ನಾನು ಹುಳಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಕೋಣೆಯಿಂದ ಅವಳು ಗಟ್ಟಿಯಾಗಿ ಓದುವುದು ಕೇಳಿಸುತ್ತಿತ್ತು. ನೀತ್ಸೆಯ ಸಾಲಿಗೆ ನಿಂತು, ಅದನ್ನೇ ಇನ್ನೊಮ್ಮೆ ಓದಿದಳು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಾಗಿಲು ದಢಾರನೆ ತೆರೆಯಿತು. "ಚಿಕ್ಕಮ್ಮಾ, ಆ ಸೂಟು!"